ಕಾರಿನ ಸ್ಪೀಕರ್ ಬದಲಿಸುವ ಮುನ್ನ

ಮನೆಗೆ ಕಾರು ಬಂದು ಸ್ವಲ್ಪ ದಿನವಾದ ಮೇಲೆ ಮನೆಯ ಹುಡುಗರ ಬಾಯಿಂದ ಒಂದು ಮಾತು ಬಂದೇ ಬರುತ್ತದೆ. "ಉಮ್ಮಾ, ಇದರ ಸೌಂಡ್ ಏನೇನೂ ಸಾಲದು, ಬೇರೆ ಹಾಕಿಸಬೇಕು." ತಂದೆ "ಇರುವುದೇ ಸಾಕು" ಎನ್ನುತ್ತಾರೆ. ಅಂಗಡಿಯವನು ಒಂದು ದೊಡ್ಡ ಮೊತ್ತ ಹೇಳಿ ಕಳುಹಿಸುತ್ತಾನೆ. ಇಬ್ಬರ ನಡುವೆ ತೀರ್ಮಾನ ಹೇಳಬೇಕಾದವಳು ತಾಯಿ. ಕಾರಿನ ವಿಷಯ ಗಂಡಸರಿಗೆ ಬಿಟ್ಟದ್ದು ಎಂದು ನಾವು ಸುಮ್ಮನಿದ್ದುಬಿಡುತ್ತೇವೆ. ಆದರೆ ಹಣ ಹೋಗುವುದು ಮನೆಯ ಲೆಕ್ಕದಿಂದ. ಹಿಂದಿನ ಸೀಟಿನಲ್ಲಿ ಮಕ್ಕಳೊಂದಿಗೆ ಕುಳಿತು ಆ ಸದ್ದನ್ನು ಕೇಳುವವರೂ ನಾವೇ. ಮಕ್ಕಳನ್ನು ಶಾಲೆಗೆ ಬಿಡಲು ತಾವೇ ಕಾರು ಓಡಿಸುವ ಸಹೋದರಿಯರೂ ಈಗ ಕಡಿಮೆಯೇನಿಲ್ಲ. ಆದ್ದರಿಂದ ಈ ವಿಷಯದಲ್ಲಿ ಸ್ವಲ್ಪ ತಿಳುವಳಿಕೆ ನಮಗೂ ಬೇಕು.

ಕಾರಿನ ಸೌಂಡ್ ಸಿಸ್ಟಮ್ ಬದಲಿಸುವುದು ತಪ್ಪೇನಲ್ಲ. ಕಂಪೆನಿಯಿಂದ ಬಂದ ಸ್ಪೀಕರ್‌ಗಳು ಹೆಚ್ಚಾಗಿ ತೆಳು ಕಾಗದದ, ಸಣ್ಣ ಅಯಸ್ಕಾಂತದ ಅಗ್ಗದ ಸ್ಪೀಕರ್‌ಗಳು. ಅವುಗಳಲ್ಲಿ ಮಾತು ಮಸುಕಾಗಿ ಕೇಳಿಸಿದಾಗ ನಾವು ಸದ್ದು ಏರಿಸುತ್ತೇವೆ, ಆಗ ಅದು ಒಡೆದು ಕೇಳಿಸುತ್ತದೆ. ಸ್ಪಷ್ಟವಾಗಿ ಕೇಳಿಸುವ ಸ್ಪೀಕರ್ ಇದ್ದರೆ ಕಡಿಮೆ ಸದ್ದೇ ಸಾಕಾಗುತ್ತದೆ. ಮಗ ಬಯಸುವುದು ಜೋರು ಸದ್ದನ್ನೋ ಸ್ಪಷ್ಟ ಸದ್ದನ್ನೋ ಎಂಬುದು ಮೊದಲು ಮನೆಯಲ್ಲಿ ತೀರ್ಮಾನವಾಗಬೇಕು. ಖರ್ಚು ಎಷ್ಟು, ಕೆಲಸ ಎಷ್ಟು ಎಂಬುದೆಲ್ಲ ಆ ಒಂದು ಉತ್ತರದ ಮೇಲೆ ನಿಂತಿದೆ.

ಮೊದಲ ಹೆಜ್ಜೆಗೆ ಖರ್ಚಿಲ್ಲ

ಅಂಗಡಿಗೆ ಹೋಗುವ ಮೊದಲು ಇರುವ ಸ್ಟೀರಿಯೋವನ್ನೇ ಸರಿಪಡಿಸಿ ನೋಡಿ. ಅದರ ಸೆಟ್ಟಿಂಗ್‌ನಲ್ಲಿ ಬಾಸ್, ಟ್ರೆಬಲ್ ಎಂಬ ಎರಡು ಅಳತೆಗಳಿರುತ್ತವೆ. ಎರಡನ್ನೂ ಸೊನ್ನೆಗೆ ತನ್ನಿ. ಮಕ್ಕಳು ಅವುಗಳನ್ನು ತುದಿಯವರೆಗೆ ಏರಿಸಿಟ್ಟಿರುತ್ತಾರೆ, ಸದ್ದು ಒಡೆಯಲು ಅರ್ಧ ಕಾರಣ ಅದೇ. 'ಫೇಡರ್' ಎಂಬುದು ಮುಂದಿನ ಮತ್ತು ಹಿಂದಿನ ಸ್ಪೀಕರ್‌ಗಳಿಗೆ ಸದ್ದನ್ನು ಹಂಚುವ ವ್ಯವಸ್ಥೆ. ಅದನ್ನು ಸ್ವಲ್ಪ ಮುಂದಕ್ಕೆ ತಳ್ಳಿದರೆ ಹಿಂದೆ ಕುಳಿತ ಮಕ್ಕಳ ಕಿವಿಯ ಪಕ್ಕದ ಸದ್ದು ತಗ್ಗುತ್ತದೆ. ಬ್ಲೂಟೂತ್‌ನಲ್ಲಿ ಕೇಳುವವರು ಮೊಬೈಲಿನ ವಾಲ್ಯೂಮ್ ಹೆಚ್ಚಿಟ್ಟು ಕಾರಿನ ವಾಲ್ಯೂಮ್ ಕಡಿಮೆ ಇಡಬೇಕು. ಇದನ್ನು ತಿರುಗಿಸಿ ಮಾಡಿದರೆ ಸದ್ದಿನ ಜೊತೆಗೆ 'ಸರ್' ಎಂಬ ಗೊರಗು ಸೇರಿಕೊಳ್ಳುತ್ತದೆ. ಬಾಗಿಲಿನ ಚೀಲದಲ್ಲಿರುವ ನೀರಿನ ಬಾಟಲಿ, ಚಿಲ್ಲರೆ, ಮಕ್ಕಳ ಆಟಿಕೆ ಎಲ್ಲವನ್ನೂ ತೆಗೆದಿಡಿ. ಸ್ಪೀಕರ್ ಹಾಳಾಗಿದೆ ಎಂದು ನಾವು ತಿಳಿಯುವ ಎಷ್ಟೋ ಗಲಗಲ ಸದ್ದು ಅವುಗಳದ್ದೇ ಆಗಿರುತ್ತದೆ.

ಹೀಗೆ ಒಂದು ವಾರ ಕೇಳಿ. ಇಷ್ಟಕ್ಕೇ ತೃಪ್ತಿಯಾದರೆ ಹಣ ಉಳಿಯಿತು.

ವಾಟ್ ಎಂಬ ಮಾಯೆ

ಇದರಿಂದ ಸಮಾಧಾನವಾಗದಿದ್ದರೆ ಅಂಗಡಿಗೆ ಹೋಗಬಹುದು. ಅಲ್ಲಿ ಮೊದಲು ಕಿವಿಗೆ ಬೀಳುವುದು ವಾಟ್ ಲೆಕ್ಕ. ಸ್ಟೀರಿಯೋದ ಡಬ್ಬಿಯ ಮೇಲೆ '50 ವಾಟ್, 4 ಸ್ಪೀಕರ್' ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಇದು ಕ್ಷಣಮಾತ್ರಕ್ಕೆ ಬರಬಹುದಾದ ಗರಿಷ್ಠ ಶಕ್ತಿ. ನಿರಂತರವಾಗಿ ಕೊಡಬಲ್ಲ ಶಕ್ತಿಗೆ 'ಆರ್‌ಎಂಎಸ್' ಎನ್ನುತ್ತಾರೆ. ಕಾರಿನ ಬ್ಯಾಟರಿ 12 ವೋಲ್ಟಿನದ್ದಾದ್ದರಿಂದ ಸಾಮಾನ್ಯ ಸ್ಟೀರಿಯೋ ಒಂದು ಸ್ಪೀಕರಿಗೆ ಸುಮಾರು 20 ವಾಟ್ ಆರ್‌ಎಂಎಸ್‌ಗಿಂತ ಹೆಚ್ಚು ಕೊಡಲಾರದು. ಡಬ್ಬಿಯ ಮೇಲೆ ಏನೇ ಬರೆದಿರಲಿ, ಕೇಳಬೇಕಾದದ್ದು ಆರ್‌ಎಂಎಸ್ ಎಷ್ಟು ಎಂದು ಮಾತ್ರ.

ಸ್ಪೀಕರ್ ಕೊಳ್ಳುವಾಗ ವಾಟಿಗಿಂತ ಮುಖ್ಯವಾದ ಇನ್ನೊಂದು ಸಂಖ್ಯೆಯಿದೆ. ಅದು 'ಸೆನ್ಸಿಟಿವಿಟಿ'. ಕೊಟ್ಟ ಶಕ್ತಿಯಲ್ಲಿ ಎಷ್ಟು ಸದ್ದು ಹೊರಡಿಸುತ್ತದೆ ಎಂಬ ಲೆಕ್ಕ ಅದು, ಡೆಸಿಬೆಲ್‌ನಲ್ಲಿ ಬರೆದಿರುತ್ತದೆ. ಇಲ್ಲಿ 3 ಡೆಸಿಬೆಲ್ ಹೆಚ್ಚಾದರೆ ಶಕ್ತಿ ಎರಡು ಪಟ್ಟು ಕೊಟ್ಟಂತೆ. ಅಂದರೆ 92 ಡೆಸಿಬೆಲ್‌ನ ಸ್ಪೀಕರ್ 20 ವಾಟಿನಲ್ಲಿ ಕೊಡುವಷ್ಟು ಸದ್ದನ್ನು 89 ಡೆಸಿಬೆಲ್‌ನ ಸ್ಪೀಕರ್ ಕೊಡಬೇಕಾದರೆ 40 ವಾಟ್ ಬೇಕು. ಬೇರೆ ಆಂಪ್ಲಿಫಯರ್ ಇಲ್ಲದ ಮನೆಯವರು ಸೆನ್ಸಿಟಿವಿಟಿ ಹೆಚ್ಚಿರುವ ಸ್ಪೀಕರನ್ನೇ ಆರಿಸಿಕೊಳ್ಳುವುದು ಜಾಣತನ.

ಎಲ್ಲಿಂದ ಶುರು ಮಾಡುವುದು?

ಹೊಸಬರು ಬದಲಿಸಬೇಕಾದದ್ದು ಮುಂದಿನ ಎರಡು ಬಾಗಿಲುಗಳ ಸ್ಪೀಕರ್ ಮಾತ್ರ. ಸ್ಟೀರಿಯೋ, ಹಿಂದಿನ ಸ್ಪೀಕರ್, ಆಂಪ್ಲಿಫಯರ್, ಡಿಕ್ಕಿಯಲ್ಲಿಡುವ ಸಬ್‌ವೂಫರ್ ಎಲ್ಲವನ್ನೂ ಒಂದೇ ದಿನ ಹಾಕಿಸಿದರೆ ಯಾವುದರಿಂದ ಎಷ್ಟು ಪ್ರಯೋಜನವಾಯಿತು ಎಂದೇ ತಿಳಿಯುವುದಿಲ್ಲ.

ಸ್ಪೀಕರ್‌ಗಳಲ್ಲಿ ಎರಡು ಬಗೆ. 'ಕೋಆಕ್ಸಿಯಲ್' ಎಂಬುದರಲ್ಲಿ ದಪ್ಪ ಸ್ವರದ ಸ್ಪೀಕರಿನ ಮಧ್ಯದಲ್ಲೇ ಸಣ್ಣ ಸ್ವರದ ಟ್ವೀಟರ್ ಕೂಡಿರುತ್ತದೆ. ಹಳೆಯದರ ಜಾಗದಲ್ಲಿ ಸುಲಭವಾಗಿ ಕೂರುತ್ತದೆ, ಬೆಲೆಯೂ ಕಡಿಮೆ. 'ಕಾಂಪೊನೆಂಟ್' ಎಂಬುದರಲ್ಲಿ ಟ್ವೀಟರ್ ಬೇರೆಯಾಗಿದ್ದು ಕಿವಿಯ ಎತ್ತರಕ್ಕೆ ಕನ್ನಡಿಯ ಬಳಿ ಕೂರಿಸುತ್ತಾರೆ. ಸದ್ದು ಕಾಲಿನ ಬಳಿಯಿಂದ ಬರುವ ಬದಲು ಎದುರಿನಿಂದ ಬಂದಂತಾಗುತ್ತದೆ. ಬೆಲೆಯೂ ಕೆಲಸವೂ ಹೆಚ್ಚು. ಮೊದಲ ಸಲ ಬದಲಿಸುವವರಿಗೆ ಒಳ್ಳೆಯ ಕೋಆಕ್ಸಿಯಲ್ ಜೋಡಿ ಧಾರಾಳ ಸಾಕು.

ಅಳತೆಯಲ್ಲಿ ವ್ಯಾಸದ ಜೊತೆಗೆ ಆಳವನ್ನೂ ಕೇಳಿ. ಆಳ ಹೆಚ್ಚಾದರೆ ಕಿಟಕಿಯ ಗಾಜು ಇಳಿಯುವಾಗ ಸ್ಪೀಕರಿನ ಹಿಂಬದಿಗೆ ತಾಗುತ್ತದೆ. 'ಓಮ್' ಎಂಬ ಸಂಖ್ಯೆ ಸ್ಟೀರಿಯೋಗೆ ಹೊಂದುವಂತಿರಬೇಕು. ಹೆಚ್ಚಿನ ಕಾರುಗಳಲ್ಲಿ ಅದು 4.

ಬಾಗಿಲೇ ಪೆಟ್ಟಿಗೆ

ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುತ್ತದೆ. ಕಾರಿನಲ್ಲಿ ಆ ಕೆಲಸವನ್ನು ಬಾಗಿಲಿನ ತೆಳು ತಗಡು ಮಾಡಬೇಕು. ಸ್ಪೀಕರಿನ ಹಿಂದಿನಿಂದ ಹೊರಡುವ ಸದ್ದು ಬಾಗಿಲಿನ ತೂತುಗಳಿಂದ ಮುಂದಕ್ಕೆ ಬಂದರೆ ಮುಂದಿನ ದಪ್ಪ ಸ್ವರವನ್ನು ಅದೇ ಅಳಿಸಿಹಾಕುತ್ತದೆ. ತಗಡೂ ನಡುಗುತ್ತದೆ. ಅದಕ್ಕಾಗಿ ಒಳಗಿನ ತಗಡಿಗೆ ಅಂಟುವ ಡ್ಯಾಂಪಿಂಗ್ ಶೀಟ್ ಹಾಕಿಸಿ, ಸ್ಪೀಕರ್ ಕೂರುವ ಜಾಗಕ್ಕೆ ಗಟ್ಟಿಯಾದ ಬಳೆ ಇಡಿಸಿ, ದೊಡ್ಡ ತೂತುಗಳನ್ನು ಮುಚ್ಚಿಸಬೇಕು. ಇಷ್ಟನ್ನು ಸರಿಯಾಗಿ ಮಾಡಿದರೆ ಸಾಧಾರಣ ಸ್ಪೀಕರ್ ಕೂಡ ಚೆನ್ನಾಗಿ ಕೇಳಿಸುತ್ತದೆ. ಇದನ್ನು ಬಿಟ್ಟರೆ ದುಬಾರಿ ಸ್ಪೀಕರೂ ಡಬ್ಬದಂತೆ ಬಡಿಯುತ್ತದೆ. ನಿಮ್ಮಲ್ಲಿ ಹತ್ತು ಸಾವಿರ ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಪೂರ್ತಿ ಸ್ಪೀಕರಿಗೇ ಸುರಿಯದೆ ಮೂರರಲ್ಲೊಂದು ಭಾಗವನ್ನಾದರೂ ಬಾಗಿಲಿನ ಕೆಲಸಕ್ಕೆ ತೆಗೆದಿಡಿ.

ಕರಾವಳಿಯ ಸಹೋದರಿಯರು ಇನ್ನೊಂದು ವಿಷಯ ನೆನಪಿಡಬೇಕು. ಮಳೆಗಾಲದಲ್ಲಿ ಗಾಜಿನ ಅಂಚಿನಿಂದ ನೀರು ಬಾಗಿಲಿನ ಒಳಗೆ ಇಳಿದು ಅಡಿಯ ತೂತುಗಳಿಂದ ಹೊರಗೆ ಹೋಗುತ್ತದೆ. ಒಳಬದಿಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಸ್ಪೀಕರ್ ಹಾಕುವ ಹುಡುಗರು ಅವಸರದಲ್ಲಿ ಆ ಹಾಳೆಯನ್ನು ಹರಿದು ಬಿಸಾಡುವುದುಂಟು. ಆಮೇಲೆ ಕಾಲ ಬಳಿಯ ಮ್ಯಾಟ್ ಒದ್ದೆಯಾಗಿ ಕಾರು ವಾಸನೆ ಹೊಡೆಯತೊಡಗಿದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ. ಹಾಳೆ ಮತ್ತೆ ಅಂಟಿತೇ, ಅಡಿಯ ತೂತುಗಳು ತೆರೆದಿವೆಯೇ ಎಂದು ಎದುರು ನಿಂತು ನೋಡಿ.

ತಂತಿಯ ಬಗ್ಗೆ ಎಚ್ಚರ

"ತಂತಿ ಕತ್ತರಿಸದೆ ಕಪ್ಲರ್ ಹಾಕಿ ಜೋಡಿಸುತ್ತೀರಾ?" ಎಂದು ಮೊದಲೇ ಕೇಳಿ. ನಿಮ್ಮ ಕಾರಿನ ಮಾದರಿಗೆ ಹೊಂದುವ ಕಪ್ಲರ್ ಸಿಗುತ್ತದೆ. ಕಂಪೆನಿಯ ತಂತಿ ಕತ್ತರಿಸಿ ಟೇಪ್ ಸುತ್ತಿದರೆ ಮುಂದೆ ವಿದ್ಯುತ್ ದೋಷ ಬಂದಾಗ ವಾರಂಟಿ ಸಿಗದೆ ಹೋಗಬಹುದು. ಹಳದಿ ಬಣ್ಣದ ಕಪ್ಲರ್ ಕಂಡರೆ ಮುಟ್ಟಬಾರದು, ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದ್ದು. ನಮ್ಮ ದೇಶದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಬದಿಯ ಏರ್‌ಬ್ಯಾಗ್ ಇರುವ ಕಾರಿನಲ್ಲಿ ಟ್ವೀಟರಿನ ತಂತಿಯನ್ನು ಅದರ ದಾರಿಗೆ ಅಡ್ಡವಾಗಿ ಎಳೆಯಲೂ ಬಾರದು.

ಮುಂದೆ ಎಂದಾದರೂ ಆಂಪ್ಲಿಫಯರ್ ಹಾಕಿಸುವುದಾದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಅದರ ತಂತಿ ನೇರವಾಗಿ ಬ್ಯಾಟರಿಯಿಂದ ಬರುತ್ತದೆ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ತಂತಿ ಇಂಜಿನ್ ಕಡೆಯ ತಗಡನ್ನು ದಾಟುವಲ್ಲಿ ರಬ್ಬರ್ ಬಳೆ ಇರಬೇಕು. ಇಲ್ಲದಿದ್ದರೆ ಓಡಾಟದ ನಡುಕಕ್ಕೆ ತಂತಿಯ ಹೊದಿಕೆ ತಗಡಿಗೆ ಉಜ್ಜಿ ಸವೆದು ಬೆಂಕಿ ಹತ್ತಿಕೊಳ್ಳುವ ಅಪಾಯವಿದೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಮಾಡಿದ ಅಗ್ಗದ ತಂತಿಗಿಂತ ಶುದ್ಧ ತಾಮ್ರದ್ದು ಒಳ್ಳೆಯದು. ಕಾರಿನಲ್ಲಿ ಹೋಗುವುದು ಇಡೀ ಕುಟುಂಬ. ಇಲ್ಲಿ ಉಳಿಸುವ ಕೆಲವು ನೂರು ರೂಪಾಯಿ ಉಳಿತಾಯವಲ್ಲ.

ಇಂಜಿನ್ ವೇಗ ಏರಿದಂತೆ ಸ್ಪೀಕರಿನಲ್ಲಿ 'ಕುಂಯ್' ಎಂಬ ಸದ್ದೂ ಏರುವುದುಂಟು. ಹೆಚ್ಚಾಗಿ ಅರ್ಥಿಂಗ್ ಸರಿಯಿಲ್ಲದಿರುವುದೇ ಅದಕ್ಕೆ ಕಾರಣ. ಈ ಕಾಟ ಹೊಸದೇನಲ್ಲ. ಅಮೆರಿಕದಲ್ಲಿ 1930ರಲ್ಲಿ ಗ್ಯಾಲ್ವಿನ್ ಸಹೋದರರು 'ಮೊಟೊರೋಲಾ' ಹೆಸರಿನಲ್ಲಿ ಕಾರ್ ರೇಡಿಯೋ ತಂದಾಗಲೂ ಇಂಜಿನ್ನಿನ ಕಿಡಿಯ ಸದ್ದು ರೇಡಿಯೋಗೆ ಬರದಂತೆ ತಡೆಯುವುದೇ ದೊಡ್ಡ ಕೆಲಸವಾಗಿತ್ತು. ಹೊಸದಾಗಿ ಹಾಕಿಸಿದ ದಿನವೇ ಇಂಜಿನ್ ಚಾಲೂ ಮಾಡಿಸಿ ಕೇಳಿ, ಆ ಸದ್ದಿದ್ದರೆ ಅಲ್ಲೇ ಸರಿಮಾಡಿಸಿಕೊಳ್ಳಿ.

ಕಿವಿ ಬದಲಿಸಲು ಬರುವುದಿಲ್ಲ

ಸ್ಪೀಕರ್ ಹಾಳಾದರೆ ಬೇರೆ ತರಬಹುದು. ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳಿವೆ. ಜೋರು ಸದ್ದಿಗೆ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಮಕ್ಕಳಿಗೆ ಈ ಮಿತಿ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ. ದೊಡ್ಡವರಿಗೆ 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ ಬರೀ 5 ಗಂಟೆ. ಗಾಜು ಏರಿಸಿದ ಕಾರಿನ ಇಕ್ಕಟ್ಟಿನಲ್ಲಿ ಈ ಮಿತಿ ದಾಟುವುದು ಕಷ್ಟವೇನಲ್ಲ.

ಅಳೆಯಲು ಉಪಕರಣ ಬೇಕಿಲ್ಲ. ಪಕ್ಕದ ಸೀಟಿನವರೊಡನೆ ಮಾತಾಡಲು ದನಿ ಏರಿಸಬೇಕಾಯಿತೇ? ಹಾಗಾದರೆ ಸದ್ದು ಹೆಚ್ಚಾಗಿದೆ. ಕಾರಿನಿಂದ ಇಳಿದ ಮೇಲೂ ಕಿವಿಯಲ್ಲಿ 'ಗುಂಯ್' ಎನ್ನುತ್ತಿದೆಯೇ? ಅದು ಕಿವಿ ಕೊಡುವ ಎಚ್ಚರಿಕೆ. ಪದೇ ಪದೇ ಹಾಗಾದರೆ ಕಿವಿಯ ವೈದ್ಯರಿಗೆ ತೋರಿಸಿ. ಮಾತು ಬಾರದ ಕೂಸು ಕಿವಿ ನೋಯುತ್ತಿದೆ ಎಂದು ಹೇಳಲಾರದು, ಅಳುತ್ತದೆ ಅಷ್ಟೆ. ಹಿಂದಿನಿಂದ ಬರುವ ಆಂಬುಲೆನ್ಸಿನ ಸೈರನ್ ಚಾಲಕನಿಗೆ ಕೇಳಿಸದಷ್ಟು ಸದ್ದು ಇನ್ನೊಬ್ಬರ ಪ್ರಾಣಕ್ಕೂ ಎರವಾಗಬಹುದು.

ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6ರವರೆಗೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರಿನೊಳಗಿನ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಿದ್ದರೆ ಮಿತಿ ಇನ್ನೂ ಕಡಿಮೆ. ರಾತ್ರಿ ಮದುವೆ ಮನೆಯಿಂದ ಬರುವಾಗ ಓಣಿಯೊಳಗೆ ಢಂ ಢಂ ಎನ್ನಿಸುತ್ತಾ ಬರುವುದು ನೆರೆಯ ರೋಗಿಗೂ ನಾಳೆ ಪರೀಕ್ಷೆಯಿರುವ ಮಗುವಿಗೂ ಹಿಂಸೆ.

ಅಂಗಡಿಯಲ್ಲಿ

ಹೋಗುವಾಗ ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ದನಿಯನ್ನು ಮೊಬೈಲಿನಲ್ಲಿ ಒಯ್ಯಿರಿ. ಕುರ್‌ಆನ್ ಪಾರಾಯಣ, ಪ್ರವಚನ, ಹಾಡು, ವಾರ್ತೆ, ಮನೆಯಲ್ಲಿ ದಿನವೂ ಕೇಳುವ ಯಾವುದಾದರೂ ಸರಿ. ಅಂಗಡಿಯವರು ಎದೆ ನಡುಗಿಸುವ ಏನನ್ನೋ ಹಾಕಿ ತೋರಿಸುತ್ತಾರೆ. ಅದನ್ನು ನಿಲ್ಲಿಸಿ ನಿಮ್ಮದನ್ನು ಸಣ್ಣ ಸದ್ದಿನಲ್ಲಿ ಹಾಕಲು ಹೇಳಿ. ಆ ಸಣ್ಣ ಸದ್ದಿನಲ್ಲೂ ಪ್ರತಿ ಅಕ್ಷರ ಬಿಡಿಬಿಡಿಯಾಗಿ ಕೇಳಿಸುವ ಸ್ಪೀಕರ್ ಕೊಳ್ಳಬಹುದು. ಬಿಲ್ ಮತ್ತು ವಾರಂಟಿ ಚೀಟಿ ಪಡೆಯಿರಿ. ಬಿಚ್ಚಿದ ಹಳೆಯ ಸ್ಪೀಕರ್‌ಗಳನ್ನು ಬಿಟ್ಟು ಬರಬೇಡಿ. ನಾಳೆ ಕಾರು ಮಾರುವಾಗ ಅವನ್ನು ಹಾಕಿ ಹೊಸದನ್ನು ತೆಗೆದಿಟ್ಟುಕೊಳ್ಳಬಹುದು.

ಮಗ ಸಬ್‌ವೂಫರ್ ಬೇಕೆಂದು ಹಟ ಹಿಡಿದರೆ ಇಲ್ಲವೆನ್ನುವ ಮೊದಲು "ಮೂರು ತಿಂಗಳು ಈ ಸ್ಪೀಕರ್ ಕೇಳು ಮೋನೇ, ಆಮೇಲೂ ಬೇಕೆನಿಸಿದರೆ ನೋಡೋಣ" ಎನ್ನಿ. ಡಿಕ್ಕಿಯ ದೊಡ್ಡ ಪೆಟ್ಟಿಗೆ ಬಂದರೆ ಊರಿಗೆ ಹೋಗುವಾಗ ಬ್ಯಾಗು ಎಲ್ಲಿಡುವುದು, ಸಂತೆಯ ಚೀಲ ಎಲ್ಲಿಡುವುದು ಎಂದೂ ಅವನೇ ಯೋಚಿಸಲಿ. ಸೀಟಿನ ಕೆಳಗೆ ಕೂರುವ ಸಣ್ಣ ಸಬ್‌ವೂಫರ್‌ಗಳೂ ಇವೆ, ಮನೆಬಳಕೆಯ ಕಾರಿಗೆ ಅದೇ ಮೇಲು.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಗಾಜು ಏರಿಸಿ, ಸಾಧಾರಣ ಸದ್ದಿನಲ್ಲಿಟ್ಟು ನೀವು ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಿ. ಸ್ಪೀಕರಿನ ದನಿ ಸ್ಪಷ್ಟವಾಗಿ ಕೇಳಿಸಬೇಕು, ಅದರ ನಡುವೆಯೂ ಮುಂದಿನ ಸೀಟಿನವರು ಮೆಲ್ಲಗೆ ಕೇಳಿದ ಪ್ರಶ್ನೆ ನಿಮಗೆ ತಿಳಿಯಬೇಕು. ಎಲ್ಲರೂ ಒಟ್ಟಿಗೆ ಕುಳಿತು ಮಾತಾಡಲು ಇಂದು ಎಷ್ಟೋ ಮನೆಗಳಿಗೆ ಸಿಗುವುದು ಕಾರಿನ ಪ್ರಯಾಣವೊಂದೇ. ಆ ಮಾತಿಗೆ ಜಾಗ ಬಿಡುವ ಸೌಂಡ್ ಸಿಸ್ಟಮ್ ನಿಮ್ಮ ಕಾರಿನಲ್ಲಿರಲಿ.