ಕಾಣಿಕೆಯ ಲೆಕ್ಕ ಕೇಳಲಿ, ಪೀಠಕ್ಕೆ ಕೈ ಹಾಕದಿರಲಿ

ಸಂಜೆಯಾದರೆ ಮಡಿವಾಳದಲ್ಲಿ ಕೇರಳದ ಬಸ್ಸುಗಳು ಸಾಲುಗಟ್ಟುತ್ತವೆ. ಊರಿಗೆ ಹೊರಟ ನರ್ಸ್‌ಗಳು, ಐಟಿ ನೌಕರರ ನಡುವೆ ಚರ್ಚುಗಳ ಹಕ್ಕಿಗಾಗಿ ಕಾದಾಡುವ ಮಲಂಕರ ಸಭೆಯ ಆರ್ಥಡಾಕ್ಸ್ ಮತ್ತು ಯಾಕೋಬಾಯ ಎರಡೂ ಬಣಗಳ ಮನೆಯವರಿರುತ್ತಾರೆ. ಈ ಸಭೆಯ ಚರ್ಚುಗಳು 1934ರ ಸಭಾ ಸಂವಿಧಾನದಂತೆಯೇ ನಡೆಯಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪಿತ್ತ ಮೇಲೆ, 2019ರಲ್ಲಿ ಪಿರವಂ ಚರ್ಚಿನೊಳಗೆ ಪೊಲೀಸರು ಕಾಲಿಟ್ಟರು. ಬೀಗದ ಕೈ ಜಿಲ್ಲಾಧಿಕಾರಿಯ ಕೈ ಸೇರಿತು. ಸರ್ಕಾರ ತಾನಾಗಿ ನುಗ್ಗಿದ್ದಲ್ಲ. ವರ್ಷಗಟ್ಟಲೆ ದಾವೆ ಹೂಡಿದ ಸಭೆಯವರೇ ಬಾಗಿಲು ತೆರೆದುಕೊಟ್ಟದ್ದು.

ಇದೇ ಸಭೆಗೆ ಉಡುಪಿ ಜಿಲ್ಲೆಯ ಬ್ರಹ್ಮಾವರದ ನಂಟಿದೆ. 1886ರಲ್ಲಿ ಪೋರ್ಚುಗಲ್ ದೊರೆಯೂ ಪೋಪ್ ಹದಿಮೂರನೆಯ ಲಿಯೋ ಅವರೂ ಮಾಡಿಕೊಂಡ ಒಪ್ಪಂದದ ಫಲವಾಗಿ, ಗೋವಾದ ಅಧೀನದಲ್ಲಿದ್ದ ಕೆನರಾದ ಇಗರ್ಜಿಗಳು ಮಂಗಳೂರು ಬಿಷಪರ ಪಾಲಾದವು. ಬ್ರಹ್ಮಾವರದ ಕೊಂಕಣಿ ಕುಟುಂಬಗಳು ಒಪ್ಪಲಿಲ್ಲ. ಪಾದ್ರಿ ನೊರೊನ್ಹಾ ಆ ಕುಟುಂಬಗಳ ಜೊತೆ ನಿಂತರು. ಗೋವಾದ ಪಾದ್ರಿ ಆಲ್ವಾರಿಸ್ 1889ರಲ್ಲಿ ಮಲಂಕರ ಸಭೆಯಿಂದ ಬಿಷಪ್ ಪಟ್ಟ ಪಡೆದು ಮಾರ್ ಜೂಲಿಯಸ್ ಆದರು; ಬ್ರಹ್ಮಾವರದವರು ಅವರ ಜೊತೆ ಆ ಸಭೆ ಸೇರಿದರು. ಗೋವಾ ಸರ್ಕಾರ ಅವರನ್ನು ಬಂಧಿಸಿ ಬಿಷಪರ ಉಡುಪನ್ನೇ ಕಿತ್ತುಕೊಂಡಿತು. ಅವರು ಪಣಜಿ ಬಿಡಲಿಲ್ಲ. 1923ರಲ್ಲಿ ಕಣ್ಣು ಮುಚ್ಚುವವರೆಗೂ ಅಲ್ಲಿನ ನಿರ್ಗತಿಕರಿಗೆ, ರೋಗಿಗಳಿಗೆ ಆಸರೆಯಾದರು.

ಆದರೆ ಬ್ರಹ್ಮಾವರದವರು ಉಳಿಸಿಕೊಳ್ಳಹೊರಟ ಗೋವಾದ ಆಡಳಿತವಾದರೂ, ದೊರೆಯೇ ಬಿಷಪರನ್ನು ಸೂಚಿಸುವ ಪದ್ರೊವಾದೊ ಪದ್ಧತಿಯದ್ದಾಗಿತ್ತು. ಅರಸನ ಆಸರೆಯಲ್ಲಿ ಬೆಳೆದ ಸಭೆಯನ್ನು ಅರಸನೇ ಒಂದು ಸಹಿಯಿಂದ ಬೇರೆಯವರಿಗೆ ಒಪ್ಪಿಸಿದ. ಚೀನಾದಲ್ಲೂ ಅಷ್ಟೆ. ಬಿಷಪರ ನೇಮಕದ ಬಗ್ಗೆ ವ್ಯಾಟಿಕನ್ 2018ರಲ್ಲಿ ಒಪ್ಪಂದ ಮಾಡಿಕೊಂಡರೂ, 2023ರ ಏಪ್ರಿಲ್‌ನಲ್ಲಿ ಶಾಂಘೈ ಪೀಠಕ್ಕೆ ಬೀಜಿಂಗ್ ತಾನೇ ಒಬ್ಬರನ್ನು ತಂದು ಕೂರಿಸಿತು. ಜುಲೈನಲ್ಲಿ ಪೋಪ್ ಅದಕ್ಕೆ ಒಪ್ಪಿಗೆ ಕೊಡಬೇಕಾಯಿತು.

ನಮ್ಮಲ್ಲಿ ಸರ್ಕಾರಕ್ಕೂ ಧರ್ಮಕ್ಕೂ ನಡುವಿನ ಗೆರೆ ಎಲ್ಲಿದೆ ಎಂಬುದಕ್ಕೆ ಉತ್ತರವೂ ಉಡುಪಿಯಿಂದಲೇ ಬಂತು. 1954ರ ಶೀರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಧಾರ್ಮಿಕ ವಿಷಯಗಳಲ್ಲಿ ಪಂಥಕ್ಕೆ ಸ್ವಾಯತ್ತತೆಯಿದೆ, ಆಸ್ತಿಯ ಆಡಳಿತವನ್ನು ಮಾತ್ರ ಕಾನೂನು ನಿಯಂತ್ರಿಸಬಹುದು ಎಂದಿತು. ಸಂವಿಧಾನದ 26ನೇ ವಿಧಿಯ ಈ ವ್ಯಾಖ್ಯಾನವೇ ಇಂದು ಚರ್ಚುಗಳಿಗೂ ರಕ್ಷೆ.

ಹಾಗಾಗಿ ವಿಶ್ವಾಸಿಯ ನಿಷ್ಠೆಗೆ ಎರಡು ಮುಖಗಳಿವೆ. ಅಧಿಕಾರಕ್ಕೆ ವಿಧೇಯರಾಗಿರಿ ಎಂದು ಬೋಧಿಸಿದ ಪೌಲನೇ ಸುವಾರ್ತೆಗಾಗಿ ಸೆರೆಮನೆ ಸೇರಿದವನು. ಕಾಣಿಕೆ, ಜಮೀನು, ಶಾಲೆಗಳ ಲೆಕ್ಕವನ್ನು ಸರ್ಕಾರ ಕೇಳಿದರೆ ಅಳುಕಿಲ್ಲದೆ ಒಪ್ಪಿಸಬೇಕು. ಸಭಾಪಾಲಕ ಯಾರಾಗಬೇಕೆಂದು ಹೇಳಹೊರಟರೆ ಒಪ್ಪಬಾರದು. ಅದಕ್ಕೆ ತೆರಬೇಕಾದ ಬೆಲೆಯನ್ನು ದ್ವೇಷವಿಲ್ಲದೆ ತೆರಬೇಕು.

ಇಲ್ಲ ಎನ್ನುವ ಆ ಧೈರ್ಯಕ್ಕೆ ಮನೆಯೊಳಗಿನ ಶುದ್ಧಿ ಬೇಕು. ಚುನಾವಣೆ ಸಕಾಲಕ್ಕೆ ನಡೆಯಬೇಕು, ಲೆಕ್ಕಪತ್ರ ವಿಶ್ವಾಸಿಗಳ ಮುಂದೆ ಬರಬೇಕು, ಜಗಳ ಸಭೆಯಲ್ಲೇ ಬಗೆಹರಿಯಬೇಕು. ಆಡಳಿತ ಪಕ್ಷದವರನ್ನು ಹಿಡಿದು ತಮ್ಮವರನ್ನು ಪೀಠಕ್ಕೇರಿಸುವ ಆಸೆಯನ್ನು ಎಲ್ಲ ಬಣಗಳೂ ಬಿಡಬೇಕು. ಮಠದ ಪೀಠಕ್ಕೋ ಮಸೀದಿಯ ಸಮಿತಿಗೋ ಸರ್ಕಾರ ಕೈ ಹಾಕಿದಾಗಲೂ ಕ್ರೈಸ್ತರು ದನಿ ಎತ್ತಬೇಕು. ಶೀರೂರು ಸ್ವಾಮಿಗಳು ಕೋರ್ಟಿನಲ್ಲಿ ಗೆದ್ದುಕೊಟ್ಟ ಹಕ್ಕನ್ನು ಅನುಭವಿಸುವವರಿಗೆ ಅದು ಋಣ.