ಮಾತಿನಿಂದ ಚಿತ್ರಕ್ಕೆ

ಉಡುಪಿ ಜಿಲ್ಲೆಯ ಶಿರ್ವದ ಸುತ್ತಮುತ್ತ ಯಕ್ಷಗಾನ ಬಯಲಾಟವೂ ಉಂಟು, ತಾಳಮದ್ದಳೆಯೂ ಉಂಟು. ಬಯಲಾಟದಲ್ಲಿ ವೇಷ, ಕುಣಿತಗಳು ಕಣ್ಣನ್ನು ತಣಿಸುತ್ತವೆ. ತಾಳಮದ್ದಳೆಯಲ್ಲಿ ಅವೆರಡೂ ಇಲ್ಲ. ಭಾಗವತರ ಹಾಡಿನಿಂದಲೂ ಅರ್ಥಧಾರಿಗಳ ಮಾತಿನಿಂದಲೂ ಕೇಳುಗನ ಮನಸ್ಸಿನಲ್ಲಿಯೇ ರಣರಂಗ ಮೂಡುತ್ತದೆ.

ಗಣಕಯಂತ್ರದ ಸಾಹಸದ ಆಟಗಳೂ ಮೊದಲು ತಾಳಮದ್ದಳೆಯಂತೆಯೇ ಇದ್ದವು. ಗುಹೆಗಳ ಶೋಧಕನೂ ಗಣಕತಜ್ಞನೂ ಆಗಿದ್ದ ಅಮೆರಿಕದ ವಿಲ್ ಕ್ರೌದರ್ 1970ರ ದಶಕದ ನಡುವಿನಲ್ಲಿ ರಚಿಸಿದ ‘ಅಡ್ವೆಂಚರ್’ ಆಟದಲ್ಲಿ ಒಂದು ಚಿತ್ರವೂ ಇರಲಿಲ್ಲ. ಯಂತ್ರವು ಗುಹೆಯನ್ನು ಅಕ್ಷರಗಳಲ್ಲಿ ವರ್ಣಿಸುತ್ತಿತ್ತು. ಆಟಗಾರನು ತಾನು ಮಾಡಬೇಕೆಂದುದನ್ನು ಇಂಗ್ಲಿಷಿನ ಒಂದೆರಡು ಪದಗಳಲ್ಲಿ ಬೆರಳಚ್ಚು ಮಾಡಬೇಕಿತ್ತು. 1980ರಲ್ಲಿ ಕೆನ್ ಮತ್ತು ರೋಬರ್ಟಾ ವಿಲಿಯಮ್ಸ್ ದಂಪತಿಗಳ ‘ಮಿಸ್ಟರಿ ಹೌಸ್’ ಆಟಕ್ಕೆ ರೇಖಾಚಿತ್ರಗಳು ಬಂದವು. 1984ರ ‘ಕಿಂಗ್ಸ್ ಕ್ವೆಸ್ಟ್’ನಲ್ಲಿ ನಾಯಕನು ಬಣ್ಣದ ದೃಶ್ಯದೊಳಗೆ ನಡೆದಾಡಿದನು. 1987ರ ‘ಮೇನಿಯಾಕ್ ಮ್ಯಾನ್ಷನ್’ನಲ್ಲಿ ಬೆರಳಚ್ಚಿನ ಕೆಲಸವೂ ತಪ್ಪಿತು, ತೆರೆಯ ಮೇಲಿನ ಕ್ರಿಯಾಪದಗಳಲ್ಲಿ ಒಂದನ್ನು ಆರಿಸಿದರೆ ಸಾಕಾಯಿತು. 1993ರ ‘ಮಿಸ್ಟ್’ನಲ್ಲಿ ಆ ಪಟ್ಟಿಯೂ ಉಳಿಯಲಿಲ್ಲ.

ಇದನ್ನು ಬರಿಯ ಮುನ್ನಡೆಯೆಂದು ಬಗೆಯುವುದು ಸರಿಯಲ್ಲ. ಚಿತ್ರವು ಆಟವನ್ನು ಸುಂದರಗೊಳಿಸಿತು. ಯಂತ್ರಕ್ಕೆ ತಿಳಿಯುವ ಪದವನ್ನು ಊಹಿಸುವ ಬೇಸರವೂ ನೀಗಿತು. ಆದರೆ ತಕ್ಕ ಮಾತನ್ನು ತಾನೇ ಹುಡುಕುವ, ಕಾಣದ ಗುಹೆಯನ್ನು ತಾನೇ ಕಲ್ಪಿಸಿಕೊಳ್ಳುವ ಆಟಗಾರನ ಪಾಲು ಕಿರಿದಾಯಿತು. ಬಯಲಾಟವಿದೆಯೆಂದು ಕರಾವಳಿಯ ಜನ ತಾಳಮದ್ದಳೆಯನ್ನು ಕೈಬಿಡಲಿಲ್ಲ. ಗಣಕದ ಆಟಗಳಲ್ಲಿಯೂ ಚಿತ್ರದೊಡನೆ ಮಾತು ಬಾಳಬೇಕು. ಕಣ್ಣಿಗೆ ಎಲ್ಲವನ್ನೂ ತೋರಿಸಿಬಿಟ್ಟರೆ ಮನಸ್ಸಿಗೆ ಕೆಲಸವೆಲ್ಲಿ?