ಪೋಸ್ಟರಿಗೆ ಒಗ್ಗದ ಕಾಯಿಲೆಗಳು

ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮಳೆ, ಸಂಜೆ ಚಳಿ. "ಬೆಂಗಳೂರು ವೆದರ್ ಫುಲ್ ಬೈಪೋಲಾರ್ ಮಗಾ" ಅಂತ ಕ್ಯಾಂಟೀನಿನಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಇಂಟರ್ನಲ್ಸ್ ಮುಗಿಸಿ ನಗ್ತಾ ಬಂದವನು ಹತ್ತು ನಿಮಿಷದಲ್ಲಿ ಸಪ್ಪೆಯಾದರೆ ಅವನೂ ಬೈಪೋಲಾರ್. ಸ್ವಲ್ಪ ಜಾಸ್ತಿ ಸಿಟ್ಟು ಮಾಡಿಕೊಂಡವಳು ಸೈಕೋ. ಪೆದ್ದುಪೆದ್ದಾಗಿ ಮಾತಾಡಿದವನು ಲೂಸು, ಅವನಿಗೆ ನಿಮ್ಹಾನ್ಸ್‌ಗೆ ಟಿಕೆಟ್. ಇವೆಲ್ಲ ತಮಾಷೆಗೆ ಆಡುವ ಮಾತು, ಯಾರನ್ನೂ ನೋಯಿಸಬೇಕು ಅಂತ ಆಡಿದ್ದಲ್ಲ. ಒಪ್ಪೋಣ. ಆದರೆ ಬ್ಯಾಗಿನೊಳಗೆ ಮಾತ್ರೆ ಇಟ್ಟುಕೊಂಡ ಒಬ್ಬರು ಅದೇ ಟೇಬಲ್ಲಿನಲ್ಲಿ ಕೂತಿರಬಹುದು. ಅವರೂ ಎಲ್ಲರ ಜೊತೆ ನಗುತ್ತಾರೆ. ಇಲ್ಲಿ ಯಾರಿಗೂ ವಿಷಯ ಹೇಳಬಾರದು ಅಂತ ಆವತ್ತೇ ತೀರ್ಮಾನ ಮಾಡಿಬಿಡುತ್ತಾರೆ.

ಹಾಗಂತ ನಮಗೆ ಮಾನಸಿಕ ಆರೋಗ್ಯದ ಅರಿವೇ ಇಲ್ಲ ಅನ್ನೋ ಹಾಗಿಲ್ಲ. ಅಕ್ಟೋಬರ್ 10 ಬಂದರೆ ವಿಶ್ವ ಮಾನಸಿಕ ಆರೋಗ್ಯ ದಿನ. ಅವತ್ತು ಪೋಸ್ಟರ್ ಸ್ಪರ್ಧೆ, ಸೆಮಿನಾರ್ ಹಾಲಿನಲ್ಲಿ ಒಂದು ಭಾಷಣ, ಎಲ್ಲರ ಸ್ಟೇಟಸ್ಸಿನಲ್ಲೂ "ನಾನಿದ್ದೇನೆ, ಮಾತಾಡು". ಆ ಪೋಸ್ಟರ್‌ಗಳನ್ನು ಒಮ್ಮೆ ಗಮನಿಸಿ ನೋಡಿ. ಬಹುಪಾಲು ಪೋಸ್ಟರ್‌ಗಳಲ್ಲಿ ಒಬ್ಬ ವ್ಯಕ್ತಿ ಮೂಲೆಯಲ್ಲಿ ತಲೆ ತಗ್ಗಿಸಿ ಸುಮ್ಮನೆ ಕೂತಿರುತ್ತಾನೆ. ಯಾರಿಗೂ ತೊಂದರೆ ಕೊಡದ, ನೋಡಿದರೆ ಅಯ್ಯೋ ಅನ್ನಿಸುವ ಕಾಯಿಲೆ. ಆದರೆ ಎಲ್ಲ ಕಾಯಿಲೆಗಳೂ ಮೂಲೆಯಲ್ಲಿ ಸುಮ್ಮನೆ ಕೂರೋದಿಲ್ಲ. ಕೆಲವು ರಾತ್ರಿ ಮೂರು ಗಂಟೆಗೆ ಬಾಗಿಲು ಬಡಿಯುತ್ತವೆ, ಸಾಲ ಮಾಡುತ್ತವೆ, ಜಗಳ ತೆಗೆಯುತ್ತವೆ, ಒಂದೇ ಗಂಟೆಯಲ್ಲಿ ನಲವತ್ತು ಮೆಸೇಜ್ ಕಳಿಸುತ್ತವೆ. ನಮ್ಮ ಕರುಣೆಗೆ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಈ ಪರೀಕ್ಷೆಯಲ್ಲಿ ನಾವು ಪಾಸಾಗುತ್ತಿಲ್ಲ ಅನ್ನೋದು ನನ್ನ ವಾದ. ಬೈಪೋಲಾರ್ ಮತ್ತು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಇವೆರಡನ್ನೇ ತಗೊಂಡು ನೋಡೋಣ.

ಮೊದಲು ಬೈಪೋಲಾರ್. ನಮ್ಮ ತಮಾಷೆ ತಾಂತ್ರಿಕವಾಗಿಯೂ ತಪ್ಪು. ಬೆಳಿಗ್ಗೆ ಖುಷಿ, ಸಂಜೆ ಬೇಜಾರು ಆಗೋದು ಬೈಪೋಲಾರ್ ಅಲ್ಲ, ಅದು ಮನುಷ್ಯರ ಸ್ವಭಾವ. ಉನ್ಮಾದ ಅಂತ ವೈದ್ಯರು ಕರೆಯಬೇಕಾದರೆ ಸಾಮಾನ್ಯವಾಗಿ ಆ ಸ್ಥಿತಿ ಕನಿಷ್ಠ ಒಂದು ವಾರ ಇರಬೇಕು, ಖಿನ್ನತೆಗೆ ಕನಿಷ್ಠ ಎರಡು ವಾರ. ಉನ್ಮಾದದಲ್ಲಿ ನಿದ್ದೆ ಬೇಡವಾಗುತ್ತದೆ, ಮಾತಿಗೆ ತಡೆ ಇರುವುದಿಲ್ಲ, ತಲೆಯಲ್ಲಿ ಒಂದರ ಮೇಲೊಂದು ಐಡಿಯಾ, ಕೈಯಲ್ಲಿದ್ದ ದುಡ್ಡೆಲ್ಲ ಖಾಲಿ. ಮೊದಲ ದಿನಗಳಲ್ಲಿ ಇದು ನಮ್ಮ ಕ್ಯಾಂಪಸ್ಸಿನಲ್ಲಿ ಯಾರ ಕಣ್ಣಿಗೂ ಕಾಯಿಲೆಯಾಗಿ ಕಾಣೋದಿಲ್ಲ. ಹ್ಯಾಕಥಾನಿನಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು ಕೋಡ್ ಬರೆದವನಿಗೆ ನಾವು ಚಪ್ಪಾಳೆ ಹೊಡೀತೀವಿ, "ಏನ್ ಎನರ್ಜಿ ಗುರು" ಅಂತೀವಿ. ನಿದ್ದೆಗೇಡು ಈ ಕಾಯಿಲೆಯನ್ನು ಕೆರಳಿಸಬಲ್ಲದು ಅನ್ನೋದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಕಾಯಿಲೆ ಮೊದಲು ತಲೆಯೆತ್ತುವುದು ಹೆಚ್ಚಾಗಿ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆರಂಭದ ವರ್ಷಗಳಲ್ಲಿ, ಅಂದರೆ ಸರಿಯಾಗಿ ನಮ್ಮ ವಯಸ್ಸಿನಲ್ಲಿ. ನೈಟ್‌ಔಟನ್ನೇ ಸಾಧನೆ ಅಂದುಕೊಂಡಿರುವ ಜಾಗದಲ್ಲಿ "ನಾನು ಹನ್ನೊಂದು ಗಂಟೆಗೆ ಮಲಗಲೇಬೇಕು" ಅನ್ನುವವನನ್ನು ನಾವು ಏನಂತ ಕರೀತೀವಿ, ಯೋಚನೆ ಮಾಡಿ.

ಇನ್ನು ಔಷಧಿ. ಲಿಥಿಯಂ ಅಂದ ಕೂಡಲೇ ನಮಗೆ ನೆನಪಾಗೋದು ಬ್ಯಾಟರಿ. ಮಂಡ್ಯ ಜಿಲ್ಲೆಯ ಮರ್ಲಗಲ್ಲಾದಲ್ಲಿ ಲಿಥಿಯಂ ಇದೆ ಅಂತ ಸುದ್ದಿ ಬಂದಾಗ ಎಲೆಕ್ಟ್ರಿಕ್ ಗಾಡಿಗಳ ಕನಸು ಕಂಡವರು ನಾವು. ಅದೇ ಲಿಥಿಯಮ್ಮಿನ ಲವಣ ಉನ್ಮಾದವನ್ನು ಹತೋಟಿಗೆ ತರುತ್ತದೆ ಅಂತ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯ 1949ರಲ್ಲೇ ಬರೆದರು. ಇವತ್ತಿಗೂ ಬೈಪೋಲಾರ್‌ಗೆ ಅದು ಮುಖ್ಯ ಔಷಧಿಗಳಲ್ಲಿ ಒಂದು. ರಕ್ತದಲ್ಲಿ ಅದರ ಪ್ರಮಾಣ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಒಳಗೆ ಇರಬೇಕು. ಕಮ್ಮಿಯಾದರೆ ಕೆಲಸ ಮಾಡಲ್ಲ, ಜಾಸ್ತಿಯಾದರೆ ವಿಷ. ಅದಕ್ಕೇ ಆಗಾಗ ರಕ್ತ ಪರೀಕ್ಷೆ, ಜೊತೆಗೆ ಕಿಡ್ನಿ, ಥೈರಾಯ್ಡ್ ಮೇಲೊಂದು ಕಣ್ಣು. ಇಷ್ಟು ಕಟ್ಟುನಿಟ್ಟಾಗಿ ಔಷಧಿ ತಗೊಂಡು, ಕ್ಲಾಸಿಗೂ ಬಂದು, ಲ್ಯಾಬ್ ರೆಕಾರ್ಡೂ ಬರೆಯುವವರಿಗೆ ನಾವು ಶಿಸ್ತಿನ ಪ್ರಶಸ್ತಿ ಕೊಡಬೇಕಿತ್ತು. ಕೊಡುತ್ತಿರುವುದು ಬುದ್ಧಿಮಾತು: "ಆ ಮಾತ್ರೆಗೆಲ್ಲ ಅಡಿಕ್ಟ್ ಆಗ್ಬೇಡ, ಯೋಗ ಮಾಡು". ಅಜ್ಜಿಯ ಶುಗರ್ ಮಾತ್ರೆ, ಅಪ್ಪನ ಬಿಪಿ ಮಾತ್ರೆ ತಪ್ಪಿದರೆ ಮನೆಯವರೆಲ್ಲ ಬೈತಾರೆ. ಮನಸ್ಸಿನ ಮಾತ್ರೆ ಬಿಟ್ಟರೆ ಮಾತ್ರ "ಈಗ ಹುಷಾರಾದ" ಅಂತ ಖುಷಿಪಡುತ್ತಾರೆ. ಈ ಖುಷಿಗೆ ಬೆಲೆ ತೆರುವವರು ಯಾರು? ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಬೈಪೋಲಾರ್ ಇದ್ದ ನೂರು ಜನರಲ್ಲಿ ಸುಮಾರು 70 ಜನ ಚಿಕಿತ್ಸೆಯ ಹೊರಗೇ ಇದ್ದರು.

ಬೈಪೋಲಾರ್‌ಗೆ ತಮಾಷೆಯಾದರೂ ಇದೆ, "ಜೀನಿಯಸ್‌ಗಳಿಗೆ ಬರೋ ಕಾಯಿಲೆ" ಅನ್ನೋ ಮೆರುಗಾದರೂ ಇದೆ. ಬಾರ್ಡರ್‌ಲೈನ್‌ಗೆ ಅದೂ ಇಲ್ಲ. ಅಲ್ಲಿ ಇರೋದು ಬರೀ ತೀರ್ಪು: ನಾಟಕ, ಅಟೆನ್ಷನ್ ಸೀಕಿಂಗ್, ಟಾಕ್ಸಿಕ್.

ಇದರಲ್ಲಿ ಹೆಸರಿನದೂ ಸ್ವಲ್ಪ ಪಾಲಿದೆ. ನ್ಯೂರೋಸಿಸ್ ಎಂಬ ಸೌಮ್ಯ ಮನೋರೋಗ ಮತ್ತು ತೀವ್ರ ಮನೋರೋಗ ಇವೆರಡರ ಗಡಿಯಲ್ಲಿ ಇರುವವರು ಎಂಬ ಅರ್ಥದಲ್ಲಿ 1938ರಲ್ಲಿ ಅಡಾಲ್ಫ್ ಸ್ಟರ್ನ್ ಈ ಪದ ಬಳಸಿದರು. ಆ ಕಲ್ಪನೆ ಹಳೆಯದಾಯಿತು, ಹೆಸರು ಮಾತ್ರ ಉಳಿಯಿತು. ಕನ್ನಡಕ್ಕೆ ತಂದಾಗ ನಾವು ಅದನ್ನು ಇನ್ನೂ ಕೆಡಿಸಿದ್ದೇವೆ. ಪರ್ಸನಾಲಿಟಿ ಡಿಸಾರ್ಡರ್ ಅಂದರೆ "ವ್ಯಕ್ತಿತ್ವ ದೋಷ". ಕನ್ನಡದಲ್ಲಿ ವ್ಯಕ್ತಿತ್ವ ಅಂದರೆ ಏನು? ಕುವೆಂಪು ಅವರದು ಮೇರು ವ್ಯಕ್ತಿತ್ವ ಅಂತೀವಿ. ಅಂಥ ಪದದ ಪಕ್ಕ ದೋಷ ಅಂತ ಅಂಟಿಸಿದರೆ ಅದು ರೋಗದ ಹೆಸರಾಗಿ ಕೇಳಿಸುವುದಿಲ್ಲ, ನಡತೆ ಪ್ರಮಾಣಪತ್ರದಲ್ಲಿ ಬಿದ್ದ ಕೆಂಪು ಗೀಟಿನ ಹಾಗೆ ಕೇಳಿಸುತ್ತದೆ. ಕನ್ನಡ ಸಂಘದವರಾದ ನಮಗೆ ಇದೂ ಒಂದು ಕೆಲಸವೇ. ಟೆಕ್ನಿಕಲ್ ಪದಗಳಿಗೆ ಕನ್ನಡ ಹುಡುಕುವ ಉತ್ಸಾಹದಲ್ಲಿ, ಆ ಪದ ಹೊತ್ತುಕೊಂಡು ತಿರುಗಬೇಕಾದವರ ಹೆಗಲನ್ನೂ ನೋಡಬೇಕು.

ಕಾಯಿಲೆ ಏನು ಅನ್ನೋದನ್ನು ನಮ್ಮ ಭಾಷೆಯಲ್ಲೇ ಹೇಳುವುದಾದರೆ, ಇದು ಗೇನ್ ತುಂಬ ಜಾಸ್ತಿ ಇರುವ ಆಂಪ್ಲಿಫೈಯರ್. ಸಣ್ಣ ಇನ್‌ಪುಟ್‌ಗೂ ದೊಡ್ಡ ಔಟ್‌ಪುಟ್. ಸಾಲದ್ದಕ್ಕೆ ಸೆಟ್ಲಿಂಗ್ ಟೈಮೂ ಜಾಸ್ತಿ, ಬೇರೆಯವರು ಹತ್ತು ನಿಮಿಷದಲ್ಲಿ ಮರೆತದ್ದು ಇವರಲ್ಲಿ ದಿನವಿಡೀ ಕುದಿಯುತ್ತದೆ. ಗೆಳತಿ ಮೆಸೇಜ್ ನೋಡಿ ಉತ್ತರ ಕೊಡಲಿಲ್ಲ ಅಂದರೆ ನಮಗೆ ಸ್ವಲ್ಪ ಕಿರಿಕಿರಿ. ಅವರಿಗೆ ಕಾಲ ಕೆಳಗಿನ ನೆಲವೇ ಕುಸಿದ ಹಾಗೆ. ತನ್ನನ್ನು ಬಿಟ್ಟು ಹೋಗಿಬಿಡುತ್ತಾರೆ ಅನ್ನುವ ಭಯ ಈ ಕಾಯಿಲೆಯ ಮುಖ್ಯ ಲಕ್ಷಣ. ನಾವು ಮಾಡುವುದೇನು? "ಡ್ರಾಮಾ" ಅಂತ ಹೇಳಿ, ಬ್ಲಾಕ್ ಮಾಡಿ, ಗ್ರೂಪಿನಿಂದ ತೆಗೆದು, ಆ ಭಯವನ್ನು ನಿಜ ಮಾಡಿ ತೋರಿಸುತ್ತೇವೆ. ಇನ್ನೂ ಅಪಾಯದ ಮಾತೆಂದರೆ, ಯಾರಾದರೂ ಸಾಯುವ ಮಾತಾಡಿದಾಗ "ನಿಜವಾಗ್ಲೂ ಸಾಯೋರು ಹೇಳಿ ಸಾಯ್ತಾರಾ?" ಅನ್ನೋದು. ಹೇಳಿದವರೂ ಜೀವ ಕಳೆದುಕೊಂಡಿದ್ದಾರೆ. ಹೇಳಿದರೆ ಅದನ್ನು ಸಹಾಯದ ಕೂಗು ಅಂತಲೇ ತಿಳಿಯಬೇಕು, ಒಬ್ಬರೇ ಇಟ್ಟುಕೊಳ್ಳದೆ ದೊಡ್ಡವರಿಗೆ ತಿಳಿಸಬೇಕು.

ಇದು ವಾಸಿಯಾಗದ ಹುಟ್ಟುಗುಣವೇ? ಅಲ್ಲ. ಡಿಬಿಟಿ ಎಂಬ ಚಿಕಿತ್ಸೆ ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹ್ಯಾನ್. ಭಾವನೆಯ ಅಲೆ ಬಂದಾಗ ತಡೆದುಕೊಳ್ಳುವುದನ್ನು, ಸಂಬಂಧ ನಿಭಾಯಿಸುವುದನ್ನು ಲ್ಯಾಬಿನಲ್ಲಿ ಕಲಿಸಿದ ಹಾಗೆ ಹಂತಹಂತವಾಗಿ ಕಲಿಸುವ ವಿಧಾನ ಅದು. ಹದಿನೇಳನೇ ವಯಸ್ಸಿನಲ್ಲಿ ಮಾನಸಿಕ ಆಸ್ಪತ್ರೆ ಸೇರಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದೆ ಅಂತ ಅವರು ಬಹಿರಂಗವಾಗಿ ಹೇಳಿಕೊಂಡದ್ದು 2011ರಲ್ಲಿ. ಬಾರ್ಡರ್‌ಲೈನ್ ಇದ್ದವರನ್ನು ಹತ್ತು ವರ್ಷಗಳಿಗೂ ಮೀರಿ ಹಿಂಬಾಲಿಸಿ ನೋಡಿದ ಮೆಕ್ಲೀನ್ ಆಸ್ಪತ್ರೆಯ ಅಧ್ಯಯನದಲ್ಲಿ ಹೆಚ್ಚಿನವರ ಲಕ್ಷಣಗಳು ಇಳಿದಿದ್ದವು. "ಅವಳು ಇರೋದೇ ಹಾಗೆ" ಅನ್ನುವ ಮಾತಿಗೆ ಆಧಾರ ಇಲ್ಲ.

ವಾಸಿಯಾದ ಮೇಲಾದರೂ ನಾವು ಬಿಡುತ್ತೇವಾ? ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ 'ಶರಪಂಜರ' ಸಿನಿಮಾ ಬಂದು ಐವತ್ತು ವರ್ಷ ದಾಟಿದೆ. ಕಲ್ಪನಾ ಅಂದರೆ ಮೀಮ್ ಅಂದುಕೊಂಡವರು ಒಮ್ಮೆ ಪೂರ್ತಿ ನೋಡಿ. ಕಾವೇರಿ ಆಸ್ಪತ್ರೆಯಿಂದ ಗುಣವಾಗಿಯೇ ಮನೆಗೆ ಬರುತ್ತಾಳೆ. ಆದರೆ ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಕಾಯಿಲೆ ಬಿಟ್ಟು ಹೋದ ಜಾಗದಲ್ಲಿ ಸುತ್ತಲಿನವರ ನೋಟ ಬಂದು ಕೂತು, ಅವಳನ್ನು ಮತ್ತೆ ಆಸ್ಪತ್ರೆಗೇ ಕಳಿಸುತ್ತದೆ. ಇವತ್ತು ಬೈಪೋಲಾರ್ ಇರುವ ಹುಡುಗ ನ್ಯಾಯವಾಗಿಯೇ ಸಿಟ್ಟು ಮಾಡಿಕೊಂಡರೂ "ಮಾತ್ರೆ ತಗೊಂಡ್ಯಾ?" ಅಂತ ಕೇಳ್ತೀವಲ್ಲ, ಅದು ಅದೇ ನೋಟ. ಇತ್ತ ಮನೆಗಳಲ್ಲಿ ಇನ್ನೂ ಹಳೇ ಗಾದೆ: ಹುಚ್ಚು ಬಿಡದ ಹೊರತು ಮದುವೆ ಆಗಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡಲ್ಲ. ಗಾದೆ ತಮಾಷೆಯದು, ಆದರೆ ಮದುವೆಯನ್ನೇ ಔಷಧಿ ಅಂದುಕೊಂಡು ಕಾಯಿಲೆ ಮುಚ್ಚಿಟ್ಟು ಇನ್ನೊಂದು ಜೀವವನ್ನೂ ಕಷ್ಟಕ್ಕೆ ನೂಕುವವರು ತಮಾಷೆ ಮಾಡುತ್ತಿಲ್ಲ.

ಈಗ ಒಂದು ನ್ಯಾಯವಾದ ಆಕ್ಷೇಪಣೆ. "ಕಾಯಿಲೆ ಸರಿ, ಆದರೆ ನನ್ನನ್ನು ಬಾಯಿಗೆ ಬಂದ ಹಾಗೆ ಬೈದದ್ದು ಅವನೇ ತಾನೇ? ಎಲ್ಲವನ್ನೂ ನಾನು ಸಹಿಸಬೇಕಾ?" ಬೇಡ. ಕಾಯಿಲೆ ಒಂದು ವರ್ತನೆಗೆ ಕಾರಣ ತಿಳಿಸುತ್ತದೆ, ಎದುರಿನವರ ನೋವನ್ನು ಅಳಿಸುವುದಿಲ್ಲ. ರೂಮ್‌ಮೇಟ್ ಡಾಕ್ಟರೂ ಅಲ್ಲ, ಇಪ್ಪತ್ತನಾಲ್ಕು ಗಂಟೆಯ ನರ್ಸೂ ಅಲ್ಲ. "ಹೀಗೆ ಕೂಗಾಡಿದರೆ ನಾನು ಈಗ ಹೊರಗೆ ಹೋಗ್ತೀನಿ, ನಾಳೆ ಬೆಳಿಗ್ಗೆ ಮಾತಾಡೋಣ" ಅನ್ನಬಹುದು, ಅನ್ನಲೇಬೇಕು. ಇದಕ್ಕೂ "ನಿನ್ನಂಥ ಸೈಕೋ ಸಹವಾಸ ಬೇಡ" ಅನ್ನೋದಕ್ಕೂ ಅಜಗಜಾಂತರ. ಮೊದಲನೆಯದು ವರ್ತನೆಗೆ ಹಾಕಿದ ಗೆರೆ, ಎರಡನೆಯದು ಮನುಷ್ಯನ ಮೇಲೆ ಹಾಕಿದ ಮುದ್ರೆ. ಗೆರೆ ಎಲ್ಲಿದೆ ಅಂತ ಗೊತ್ತಾದರೆ, ಮತ್ತು "ನಾಳೆ" ಅಂದವರು ನಾಳೆ ನಿಜವಾಗಿ ಬಂದರೆ, ಬಿಟ್ಟು ಹೋಗುವ ಭಯ ಇರುವವರಿಗೂ ಅದು ಆಸರೆಯೇ.

ಉಳಿದದ್ದು ಕಾಲೇಜಿನ ಕೆಲಸ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕಾಯಿಲೆಯ ವಿವರ ಗುಟ್ಟಾಗಿ ಉಳಿಯುವ ಹಕ್ಕು ಕೊಟ್ಟಿದೆ. ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಇರಬೇಕು ಅಂದಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಅಂತಲೂ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಅಸ್ವಸ್ಥತೆಯೂ ಇದೆ. ಕಾನೂನು ಇಷ್ಟು ಮುಂದೆ ಬಂದಿರುವಾಗ, ಕ್ಯಾಂಪಸ್ಸಿನಲ್ಲಿ ಮೂರು ವಿಷಯ ಕೇಳೋಣ. ಕೌನ್ಸೆಲರ್ ಹತ್ತಿರ ಆಡಿದ ಮಾತು, ಜೀವಕ್ಕೆ ಅಪಾಯ ಇದ್ದ ಹೊರತು, ಎಚ್‌ಒಡಿ ಟೇಬಲ್ಲಿಗೆ ಹೋಗಬಾರದು. ಕಾಲು ಮುರಿದವನ ಅಟೆಂಡೆನ್ಸ್‌ಗೆ ತೋರಿಸುವ ರಿಯಾಯಿತಿ, 85 ಪರ್ಸೆಂಟ್ ತಲುಪಲಾಗದ ಈ ಕಾಯಿಲೆಯವರಿಗೂ ಸಿಗಬೇಕು, ಸರ್ಟಿಫಿಕೇಟ್ ಕೊಟ್ಟಾಗ ಕ್ಲರ್ಕ್ ಅದನ್ನು ಗಟ್ಟಿಯಾಗಿ ಓದಬಾರದು. ಹಾಸ್ಟೆಲಿನಲ್ಲಿ ಯಾರಿಗಾದರೂ ಕಾಯಿಲೆ ಉಲ್ಬಣಿಸಿದರೆ "ಮನೆಗೆ ಕರ್ಕೊಂಡ್ ಹೋಗಿ, ಮತ್ತೆ ಕಳಿಸಬೇಡಿ" ಅನ್ನುವ ಬದಲು, ವಾಪಸ್ ಬರುವ ದಾರಿ ಏನು ಅಂತ ಮೊದಲೇ ಬರೆದಿಟ್ಟಿರಬೇಕು. ಮೂರಕ್ಕೂ ಖರ್ಚು ಹೆಚ್ಚೇನಿಲ್ಲ.

ನಮ್ಮ ಪಾಲಿಗೆ ಉಳಿಯುವುದು ಬಾಯಿ ಮತ್ತು ಫೋನು. ಇಡೀ ದೇಶ ಚಿಕಿತ್ಸೆಗೆ ಹುಡುಕಿಕೊಂಡು ಬರುವ ಸಂಸ್ಥೆ ನಮ್ಮ ಹೊಸೂರು ರಸ್ತೆಯಲ್ಲಿದೆ, ಅದರ ಹೆಸರನ್ನು ಬೈಗುಳ ಮಾಡಿಕೊಂಡವರು ನಾವು. ಅದನ್ನು ನಿಲ್ಲಿಸೋಣ. 14416 ಟೆಲಿ-ಮಾನಸ್ ನಂಬರ್, ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ಈಗಲೇ ಸೇವ್ ಮಾಡಿಕೊಳ್ಳಿ. ಮುಂದಿನ ಅಕ್ಟೋಬರಿನಲ್ಲಿ ಪೋಸ್ಟರ್ ಬರೆಯುವವರು, ಮೂಲೆಯಲ್ಲಿ ಕೂತವನ ಪಕ್ಕದಲ್ಲಿ ಬಾಗಿಲು ಬಡಿಯುವವನನ್ನೂ ಒಬ್ಬನನ್ನು ಬರೆಯಿರಿ.